ಸುದ್ದಿ ಹೇಳುವ ನಾಲಿಗೆ

ಸಾರಿಬುಲಾಕ್
೪ ಮಾರ್ಚ್ ೧೯೭೯

ಪ್ರೀತಿಯ ಜಿಪಾರ್,

ಒಂಬತ್ತು ತಿಂಗಳಿಂದ ನಿನ್ನ ಒಂದು ಸಾಲೂ ಇಲ್ಲ. ಅಂಚೆ ಕಚೇರಿಯಲ್ಲೇ ಕೂತಿರುವವಳಿಗೆ ಲಕೋಟೆಗೆ ಬರವೇ? ಇರಲಿ, ಬೈಯುವುದಕ್ಕೆಂದು ಬರೆಯುತ್ತಿಲ್ಲ. ಬೈಯುವುದೂ ಇದೆ, ಅದು ಆಮೇಲೆ.

ಮೊದಲು ನನ್ನ ವಿಷಯ. ಕಳೆದ ತಿಂಗಳು ಒಂದು ಬೆಳಿಗ್ಗೆ ಎದ್ದಾಗ ನನ್ನ ಬಾಯಿ ಎಡಕ್ಕೆ ವಾಲಿತ್ತು. ಲಕ್ವ ಎಂದರು ಡಾಕ್ಟರು. ಕೈಕಾಲು ನೆಟ್ಟಗಿವೆ, ದೇವರು ದೊಡ್ಡವನು. ಚಹಾ ಕುಡಿದರೆ ಅರ್ಧ ನನಗೆ, ಅರ್ಧ ಅಂಗಿಗೆ. ಮಾತು ಮಾತ್ರ ಹೋಯಿತು. ನಿನ್ನ ಅತ್ತೆ ಕಾಲಿಮಾ ಅನ್ನುತ್ತಾಳೆ, "ನಲವತ್ತು ವರ್ಷ ನೀವು ಮಾತಾಡಿದ್ರಲ್ಲ, ಈಗ ಸ್ವಲ್ಪ ನಾನು ಮಾತಾಡ್ತೀನಿ, ಕೂತ್ಕೊಂಡು ಕೇಳಿ." ಕೇಳುತ್ತಿದ್ದೇನೆ. ಬೇರೆ ದಾರಿ ಏನಿದೆ.

ಈಗ ಬೈಗುಳ. ಹೋದ ವಾರ ಜೂರಾಳ ಅಕ್ಕ ದೂರದ ಊರಲ್ಲಿ ತೀರಿಕೊಂಡಳು. ಈ ಕಣಿವೆಯಲ್ಲಿ ಸಾವಿನ ಸುದ್ದಿಯನ್ನು ಮನೆಯವರಿಗೆ ಮುಟ್ಟಿಸುತ್ತಿದ್ದವನು ನಾನು, ನನಗಿಂತ ಮುಂಚೆ ನನ್ನಪ್ಪ. ನನ್ನ ಬಾಯಿ ಹೀಗಾಗಿರುವುದರಿಂದ ಈ ಸಲ ಯಾರೂ ಹೋಗಲಿಲ್ಲ. ಅಂಚೆಯವನು ತಂತಿ ಸಂದೇಶದ ಕಾಗದವನ್ನು ಬೇಲಿಯ ಮೇಲಿಂದ ಕೊಟ್ಟು ಕುದುರೆ ತಿರುಗಿಸಿದ. ಜೂರಾಗೆ ರಷ್ಯನ್ ಓದಲು ಬರುವುದಿಲ್ಲ. ಕೈಗೆಲ್ಲ ಹಿಟ್ಟು ಮೆತ್ತಿಕೊಂಡಿದ್ದಳು, ಮೊಮ್ಮಗಳನ್ನು ಕರೆದು ಓದಿಸಿದಳು. ಒಂದನೇ ತರಗತಿಯ ಮಗು, ಓದು ಕಲಿತ ಹೊಸ ಹುರುಪು. "ಅ-ಕ್ಕ ತೀ-ರಿ-ಕೊಂ-ಡ-ಳು" ಎಂದು ಒಂದೊಂದೇ ಅಕ್ಷರ ಜೋಡಿಸಿ ಗಟ್ಟಿಯಾಗಿ ಓದಿ, ಶಹಭಾಸ್ ಅನ್ನಲಿ ಎಂದು ಅಜ್ಜಿಯ ಮುಖ ನೋಡುತ್ತಾ ನಿಂತಿತಂತೆ.

ಆ ತಂತಿಯ ಅಚ್ಚಾದ ಪಟ್ಟಿಗಳನ್ನು ಪಟ್ಟಣದ ಕಚೇರಿಯಲ್ಲಿ ಕಾಗದಕ್ಕೆ ಅಂಟಿಸಿ ಕಳಿಸಿದವಳು ನೀನು, ಜಿಪಾರ್. ಹನ್ನೊಂದನೇ ವಯಸ್ಸಿಗೇ ನನಗಿಂತ ಚೆನ್ನಾಗಿ ಸುದ್ದಿ ಹೇಳಿದ್ದವಳು ನೀನು. ಅಂಥ ನಾಲಿಗೆ ನೂರು ವರ್ಷಕ್ಕೆ ಒಬ್ಬರಿಗೆ ಸಿಗುತ್ತದೆ. ಅದನ್ನು ಬಳಸುವುದು ನಿನ್ನ ಕರ್ತವ್ಯ. ಇದ್ದೂ ಬಚ್ಚಿಡುವುದು ಪಾಪ. ಊರಿಗೆ ಬಾ.

ನಿನ್ನ ಸೋದರಮಾವ,
ಓಸ್ಮೋನ್

*

ಪಟ್ಟಣ
೧೯ ಮಾರ್ಚ್ ೧೯೭೯

ಪೂಜ್ಯ ಮಾವನವರಿಗೆ,

ನಿಮ್ಮ ಬಾಯಿಯ ವಿಷಯ ಓದಿ ಕೌಂಟರಿನಲ್ಲೇ ಅತ್ತುಬಿಟ್ಟೆ. ಸಾಲಿನಲ್ಲಿ ನಿಂತಿದ್ದವರು ನನಗೇ ತಂತಿ ಬಂದಿದೆ ಎಂದುಕೊಂಡರು. ಒಣ ಜರ್ದಾಳು, ಜೇನುತುಪ್ಪ, ಮೈಗೆ ತಿಕ್ಕುವ ಎಣ್ಣೆ ಕಳಿಸಿದ್ದೇನೆ. ತೊಕ್ತೊ ತನ್ನ ಲಾರಿಯಲ್ಲಿ ತರುತ್ತಾನೆ. ದಾರಿಯಲ್ಲಿ ಜರ್ದಾಳು ಅರ್ಧ ಖಾಲಿಯಾಗಿದ್ದರೆ ನಿಮ್ಮ ಮಗನನ್ನೇ ಕೇಳಿ.

ಆದರೆ ನಾನು ಬರುವುದಿಲ್ಲ. ಆ ಕೆಲಸಕ್ಕೆ ಬರುವುದಿಲ್ಲ.

ನಿಮಗೆ ಹನ್ನೊಂದನೇ ವಯಸ್ಸಿನ ಆ ದಿನ ಮಾತ್ರ ನೆನಪಿದೆ. ಅದರ ಮರುದಿನದಿಂದ ಏನಾಯಿತೆಂದು ನೀವು ಯಾವತ್ತೂ ಕೇಳಲಿಲ್ಲ. ಅನಾರ್‌ಕಾನ್ ಚಿಕ್ಕಮ್ಮ ಪ್ರತಿ ಶುಕ್ರವಾರ ನನ್ನ ತಲೆ ಬಾಚಿ ಜಡೆ ಹಾಕುತ್ತಿದ್ದಳು. ಅಮ್ಮನಿಲ್ಲದ ಹುಡುಗಿ ಎಂದು ನಲವತ್ತು ಸಣ್ಣ ಜಡೆಗಳನ್ನು ಬೇಸರವಿಲ್ಲದೆ ಹೆಣೆಯುತ್ತಿದ್ದಳು. ಅವಳ ಗಂಡ ನದಿ ದಾಟುವಾಗ ಹೋದ. ಸುದ್ದಿ ಹೇಳಲು ಹೋದ ನಿಮಗೆ ಆವತ್ತು ಗಂಟಲು ಕಟ್ಟಿತ್ತು, ನಾನು ಜೊತೆಗಿದ್ದೆ. ನೀವು ಅರ್ಧಕ್ಕೆ ನಿಲ್ಲಿಸಿದ್ದನ್ನು ನಾನು ಮುಂದುವರಿಸಿದೆ. ಎಲ್ಲರೂ ಹೊಗಳಿದರು. ಮುಂದಿನ ಶುಕ್ರವಾರ ಬಾಚಣಿಗೆ ಹಿಡಿದು ಹೋದರೆ ಚಿಕ್ಕಮ್ಮ ನನ್ನನ್ನು ಕಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮತ್ತೆ ಯಾವತ್ತೂ ಅದು ತೆರೆಯಲಿಲ್ಲ.

ಆಮೇಲೆ ಮದುವೆಮನೆಗಳಲ್ಲಿ, "ಆ ಹುಡುಗೀನ ಸ್ವಲ್ಪ ಹಿಂದೆ ಕೂರ್ಸಿ" ಎಂದು ಪಿಸುಗುಟ್ಟುವುದು ನನ್ನ ಕಿವಿಗೇ ಬೀಳುತ್ತಿತ್ತು. ನನಗೆ ಈಗ ಮೂವತ್ತನಾಲ್ಕು. ನನ್ನನ್ನು ಕಂಡು ಒಬ್ಬರಾದರೂ ಬಾಗಿಲು ತೆರೆದು ನಗಲಿ ಎಂಬುದೊಂದೇ ಆಸೆ. ಇಲ್ಲಿ ಕಾಗದ ಕೊಡುತ್ತೇನೆ, ಸಹಿ ತೆಗೆದುಕೊಳ್ಳುತ್ತೇನೆ. ಯಾರೂ ನನ್ನ ಮುಖ ನೋಡುವುದಿಲ್ಲ, ಹಾಗಾಗಿ ಯಾರೂ ಮುಖ ತಿರುಗಿಸುವುದೂ ಇಲ್ಲ.

ಈ ನಾಲಿಗೆ ಬೇಕೆಂದು ನಾನು ಕೇಳಿಕೊಂಡು ಬಂದೆನೇ, ಮಾವ? ಕೇಳದೇ ಸಿಕ್ಕಿದ್ದಕ್ಕೆ ಬಾಡಿಗೆ ಕಟ್ಟಬೇಕೆ?

ಅತ್ತೆಗೆ ನಮಸ್ಕಾರ.
ಜಿಪಾರ್

*

ಸಾರಿಬುಲಾಕ್
೨೨ ಏಪ್ರಿಲ್ ೧೯೭೯

ಜಿಪಾರ್ ಕೂಸೇ,

ಜರ್ದಾಳು ಮುಕ್ಕಾಲು ಪಾಲು ಖಾಲಿಯಾಗಿತ್ತು. ಚೀಲ ತೋರಿಸಿ ಸನ್ನೆ ಮಾಡಿದರೆ ತೊಕ್ತೊ, "ಘಟ್ಟದಲ್ಲಿ ಲಾರಿ ಹೊಯ್ದಾಡಿ ಬಿದ್ದೋಯ್ತು ಅಪ್ಪಾ" ಎಂದ. ಬಾಯಲ್ಲಿ ಬೀಜ ಇಟ್ಟುಕೊಂಡೇ ಹೇಳಿದ.

ಅನಾರ್‌ಕಾನ್ ವಿಷಯ ನಾನು ಕೇಳಲಿಲ್ಲ, ನಿಜ. ತಪ್ಪು ನನ್ನದು. ಆದರೆ ಒಂದು ವಿಷಯ ನಿನಗೆ ಗೊತ್ತಿಲ್ಲ. ಸಾಯುವುದಕ್ಕೆ ಮುಂಚೆ ಅವಳು ನನ್ನೊಡನೆ ಅಂದಳು, "ಆ ಮಗು ಅಷ್ಟು ಮೆತ್ತಗೆ ಹೇಳದಿದ್ರೆ ನಾನಾವತ್ತೇ ನದಿಗೆ ಹಾರ್ತಿದ್ದೆ. ಆದ್ರೆ ಅವಳ ಮುಖ ಕಂಡ್ರೆ ಆ ದಿನ ಎದ್ದು ಬರುತ್ತೆ, ಏನ್ಮಾಡ್ಲಿ." ಎರಡೂ ನಿಜ. ಇದನ್ನು ನಿನಗೆ ಆಗಲೇ ಹೇಳಬೇಕಿತ್ತು. ಊರಿಗೆಲ್ಲ ಸುದ್ದಿ ಮುಟ್ಟಿಸುವವನು ಮನೆಯ ಮಗುವಿಗೆ ಮುಟ್ಟಿಸಲಿಲ್ಲ.

ಈಗ ನಗುವ ವಿಷಯ, ನಕ್ಕಮೇಲೆ ಅಳುವ ವಿಷಯವೂ ಹೌದು. ಹದ್ದು ಸಾಕಿರುವ ಚೊರೋ ಗೊತ್ತಲ್ಲ. ಅವನ ಅಣ್ಣ ಕಣಿವೆಯಾಚೆ ತೀರಿಕೊಂಡ. ನನ್ನ ಬದಲಿಗೆ ಅಬ್ದಿ ಮೇಷ್ಟ್ರು ಹೊರಟರು, ಜೊತೆಗೆ ಏಳು ಜನ. ಸತ್ತ ಎಂಬ ಮಾತು ಆಡಬಾರದು, ಸುತ್ತಿ ಬಳಸಿ ಹೋಗಬೇಕು ಎಂದು ಮಾತ್ರ ಅವರಿಗೆ ಗೊತ್ತು. ಕೆಮ್ಮಿ, ಕೈಕಟ್ಟಿ, "ಚೊರೋ, ನಿನ್ನ ಕೈಮೇಲಿನ ಹದ್ದು ಹಾರಿಹೋಯಿತಲ್ಲಾ" ಎಂದರು. ಚೊರೋ ಬರಿಗಾಲಲ್ಲಿ ಹಿತ್ತಲಿಗೆ ಓಡಿದ. ಹದ್ದು ಕಣ್ಣಿಗೆ ಟೊಪ್ಪಿಗೆ ಹಾಕಿಕೊಂಡು ಕೊಂಬೆಯ ಮೇಲೆ ಆರಾಮವಾಗಿ ಕೂತಿದೆ. ನಗುತ್ತಾ ವಾಪಸ್ಸು ಬಂದು, "ಅಲ್ಲೇ ಇದೆ ಮೇಷ್ಟ್ರೇ, ಸುಮ್ನೆ ಜೀವ ತಿಂದ್ರಲ್ಲ, ಬನ್ನಿ ಚಹಾ ಕುಡೀರಿ" ಎಂದು ಕೂರಿಸಿದ. ಎಂಟು ಜನರೂ ತಲೆ ತಗ್ಗಿಸಿ ಚಹಾ ಕುಡಿದು ಎದ್ದು ಬಂದರು. ಇನ್ನೊಂದು ಸಲ ಬಾಯಿ ತೆರೆಯುವ ಧೈರ್ಯ ಒಬ್ಬನಿಗೂ ಬರಲಿಲ್ಲ. ನಾಲ್ಕು ದಿನದ ಮೇಲೆ ಹಾಲಿನ ಲಾರಿಯ ಡ್ರೈವರ್ ದಾರಿಯಲ್ಲಿ ಸಿಕ್ಕಿ ಹೇಳಿದ. ಅಷ್ಟರಲ್ಲಿ ಅಣ್ಣನ ಮಣ್ಣು ಮುಗಿದಿತ್ತು. ಚೊರೋ ಈಗ ಆ ಎಂಟು ಮನೆಗಳ ಚಹಾ ಮುಟ್ಟುವುದಿಲ್ಲ.

ಪಾಪ ಮೇಷ್ಟ್ರ ತಪ್ಪೇನು. ಇದು ಕಲಿಸಿದರೆ ಬರುವುದಲ್ಲ. ನಾವು ಸುದ್ದಿ ಹೇಳುವುದೇ ಇಲ್ಲ ಮಗಳೇ, ಕೇಳುವವರ ಪಕ್ಕದಲ್ಲಿ ಬಾಗಿಲತನಕ ನಡೆಯುತ್ತೇವೆ, ಅಷ್ಟೆ. ಬಾಗಿಲು ಅವರೇ ತೆಗೆಯಬೇಕು, ಆ ಮಾತು ಅವರ ಬಾಯಿಂದಲೇ ಬರಬೇಕು. ಆಗ ಅದು ಎದೆ ಒಡೆಯುವುದಿಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದು ನಿನಗೆ ಹುಟ್ಟಿನಿಂದ ಗೊತ್ತು. ನಿನ್ನ ಹೊಲದಲ್ಲಿ ಬುಗ್ಗೆಯಿದ್ದರೆ ಕಲ್ಲು ಮುಚ್ಚಿ ಮಲಗುತ್ತೀಯಾ? ಊರು ಬಾಯಾರಿ ಕೂತಿರಲಿ ಅನ್ನುತ್ತೀಯಾ?

ಮಾವ

*

ಪಟ್ಟಣ
೧೧ ಜೂನ್ ೧೯೭೯

ಪೂಜ್ಯ ಮಾವನವರಿಗೆ,

ಚೊರೋನ ಹದ್ದಿನ ಕಥೆಗೆ ಒಬ್ಬಳೇ ಕೂತು ನಕ್ಕೆ. ಆಮೇಲೆ ನೀವು ಅಂದ ಹಾಗೇ ಆಯಿತು.

ಅನಾರ್‌ಕಾನ್ ಚಿಕ್ಕಮ್ಮನ ಮಾತನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಇಪ್ಪತ್ತಮೂರು ವರ್ಷ ತಡವಾಗಿ ಬಂದರೂ ಬಂತಲ್ಲ. ನಿಮಗೆ ಉಪಕಾರ.

ಆದರೆ ಬುಗ್ಗೆಯನ್ನು ಕಂಡು ಯಾರೂ ಮುಖ ತಿರುಗಿಸುವುದಿಲ್ಲ, ಮಾವ. ಅದಕ್ಕೆ ಜಡೆ ಹಾಕಿಸಿಕೊಳ್ಳುವ ಆಸೆಯೂ ಇಲ್ಲ.

ಮೊನ್ನೆ ಒಂದು ನಡೆಯಿತು. ಮಗು ಎತ್ತಿಕೊಂಡ ಹೆಂಗಸೊಬ್ಬಳು ತಂತಿ ತೆಗೆದುಕೊಳ್ಳಲು ಬಂದಳು. ತಂದೆಯ ಸಾವು. ನಾನು ಕಾಗದ ಕೊಟ್ಟು, "ಇಲ್ಲಿ ಸಹಿ ಮಾಡಿ" ಎಂದೆ. ಓದಿದಳು. ಅಂದವಾಗಿ ಸಹಿ ಮಾಡಿದಳು. ಕಾಗದ ಮಡಿಸಿ ಅಲ್ಲೇ ನಿಂತು ಕೇಳಿದಳು, "ಇನ್ನೇನಾದ್ರೂ ಇದೆಯಾ?" ನಾನು ಇಲ್ಲ ಎಂದೆ. ನಾನು ಎದ್ದು ಕೌಂಟರ್ ದಾಟಿ ಬರುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು. ಇದನ್ನು ಓದಿ ಗೆದ್ದೆ ಎಂದುಕೊಳ್ಳಬೇಡಿ. ಹೇಳಬೇಕೆನಿಸಿತು, ಹೇಳಿದೆ.

ತೊಕ್ತೊ ವಾರಕ್ಕೊಮ್ಮೆ ಬರುತ್ತಾನೆ. ನಿನ್ನೆ ಕರಬೂಜ ತಂದು ಕೌಂಟರಿನ ಮೇಲೆ ಧಪ್ಪನೆ ಇಟ್ಟು, "ಅಕ್ಕಾ, ಅಪ್ಪ ನಿನ್ನ ತಲೆ ತಿಂತಿದಾನಂತೆ. ಬರ್ಬೇಡ. ನನ್ನ ಮದುವೆಗೆ ಬಾ ಸಾಕು, ಎಲ್ರಿಗಿಂತ ಮುಂದೆ ಕೂರಿಸ್ತೀನಿ, ಯಾವಳು ಏನಂತಾಳೋ ನೋಡೋಣ" ಎಂದ. ಕಚೇರಿಯ ಮುಖ್ಯಸ್ಥೆ ರಾಯಿಸಾ ಪೆಟ್ರೋವ್ನಾ ಕೂಡ ನಕ್ಕರು. ಅವರು ನಗುವುದು ಹಬ್ಬಕ್ಕೊಂದು ಸಲ.

ಜಿಪಾರ್

*

ಸಾರಿಬುಲಾಕ್
೧೬ ಸೆಪ್ಟೆಂಬರ್ ೧೯೭೯

ಜಿಪಾರ್ ಮಗಳೇ,

ಬೇಸಿಗೆಯೆಲ್ಲ ಯೋಚಿಸಿದೆ. ಮಾತಾಡಲಾರದವನಿಗೆ ಯೋಚಿಸುವುದೊಂದೇ ಕೆಲಸ. ಇನ್ನು ಮೇಲೆ ನಿನ್ನನ್ನು ಪೀಡಿಸುವುದಿಲ್ಲ. ಆ ನಾಲಿಗೆ ನಿನಗೆ ಇದೆ ಎಂಬುದು ನನಗೆ ಗೊತ್ತು, ನಿನಗೆ ಬೇಡ ಎಂಬುದು ನಿನಗೆ ಗೊತ್ತು. ಅಲ್ಲಿಗೆ ಬಿಡೋಣ. ಕಣಿವೆಯ ಜನ ಹೇಗೋ ತಮ್ಮ ತಂತಿಗಳನ್ನು ಓದಿಕೊಳ್ಳುತ್ತಾರೆ.

ತೊಕ್ತೊನ ಮದುವೆ ನವೆಂಬರಿಗೆ ನಿಶ್ಚಯವಾಯಿತು. ಹುಡುಗಿ ಕೆಳಗಿನ ಊರಿನವಳು, ಅವನಿಗಿಂತ ಗಟ್ಟಿಗಿತ್ತಿ, ಅವನಿಗೆ ಅಂಥವಳೇ ಬೇಕಿತ್ತು. ಕಾಲಿಮಾ ಮದುವೆಗೆಂದು ಉಣ್ಣೆಯ ಹಾಸು ಮಾಡುತ್ತಿದ್ದಾಳೆ. ದಿನವಿಡೀ ಅಂಗಳದಲ್ಲಿ ಕೂತು ಉಣ್ಣೆಯನ್ನು ಕೋಲಿನಿಂದ ಬಡಿಯುತ್ತಾಳೆ. ಬಡಿಯುತ್ತಾ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಾಳೆ. ಅವಳು ಹಾಡಿದ್ದನ್ನು ನಾನು ಕೇಳಿ ಇಪ್ಪತ್ತಾರು ವರ್ಷವಾಗಿತ್ತು.

ನಿನಗೆ ಗೊತ್ತಲ್ಲ, ತೊಕ್ತೊಗೆ ಮುಂಚೆ ಮೂರು ಮಕ್ಕಳು ತೊಟ್ಟಿಲಲ್ಲೇ ಹೋದವು. ನಾಲ್ಕನೆಯವನನ್ನು ಎತ್ತಿಕೊಂಡು, ಇವನಾದರೂ ನಿಲ್ಲಲಿ ಎಂದು ಹಾಗೆಂದೇ ಹೆಸರಿಟ್ಟೆವು: ತೊಕ್ತೊ, ಅಂದರೆ ನಿಲ್ಲು. ನಿಂತ. ನಿಂತು ನನ್ನ ಜರ್ದಾಳು ತಿನ್ನುತ್ತಿದ್ದಾನೆ.

ಮದುವೆಗೆ ಬರಿಗೈಯಲ್ಲಿ ಬಾ. ನಾಲಿಗೆಯನ್ನು ಪಟ್ಟಣದಲ್ಲೇ ಬಿಟ್ಟು ಬಾ. ಮುಂದಿನ ಸಾಲಲ್ಲಿ ಕೂತು ಊಟ ಮಾಡು.

ಮಾವ

*

ಅಂಚೆ ಮತ್ತು ತಂತಿ ಕಚೇರಿಯ ಮುಖ್ಯಸ್ಥೆ
ರಾಯಿಸಾ ಪೆಟ್ರೋವ್ನಾ ಅವರಿಗೆ
ತಂತಿ ವಿಭಾಗದ ಜಿಪಾರ್ ಬರೆದುಕೊಳ್ಳುವ ಸಮಜಾಯಿಷಿ
೧೮ ಅಕ್ಟೋಬರ್ ೧೯೭೯, ಗುರುವಾರ, ಬೆಳಿಗ್ಗೆ

ಈ ದಿನ ಬೆಳಿಗ್ಗೆ ಎಂಟೂ ಹತ್ತಕ್ಕೆ ಲಾರಿ ಡಿಪೋದಿಂದ ಬಂದ ೨೧೪ನೇ ತಂತಿಯನ್ನು ನಾನು ಸ್ವೀಕರಿಸಿದೆ. ವಿಳಾಸ: ಸಾರಿಬುಲಾಕ್, ಓಸ್ಮೋನ್. ನಿಯಮದ ಪ್ರಕಾರ ಒಂದು ಗಂಟೆಯೊಳಗೆ ಹಳ್ಳಿಯ ಅಂಚೆಗೆ ದಾಟಿಸಬೇಕಿತ್ತು. ದಾಟಿಸಿಲ್ಲ. ತಂತಿ ನನ್ನ ಜೇಬಿನಲ್ಲಿದೆ.

ಘಟ್ಟದಲ್ಲಿ ನಿನ್ನೆ ಹಿಮ ಕುಸಿದು ತೊಕ್ತೊ ತೀರಿಕೊಂಡಿದ್ದಾನೆ. ನಾಳೆ ದೇಹವನ್ನು ಊರಿಗೆ ತರುತ್ತಾರೆ. ನಿಮಗೆ ಅವನು ಗೊತ್ತು, ಕರಬೂಜ ತರುತ್ತಿದ್ದವನು.

ಆ ತಂತಿ ಅವನ ಅಮ್ಮನ ಕೈಗೆ ಬೇಲಿಯ ಮೇಲಿಂದ ಹೋಗಕೂಡದು. ಹತ್ತು ಗಂಟೆಯ ಬಸ್ಸಿಗೆ ನಾನೇ ಹೋಗುತ್ತಿದ್ದೇನೆ. ತಪ್ಪು ಎಂದು ತಿಳಿದೇ ಮಾಡುತ್ತಿದ್ದೇನೆ. ಯಾವ ಕ್ರಮ ಕೈಗೊಂಡರೂ ಒಪ್ಪಿಗೆ. ಕಪಾಟಿನ ಬೀಗದಕೈ ಮೇಜಿನ ಎಡಗಡೆಯ ಖಾನೆಯಲ್ಲಿದೆ.

ಜಿಪಾರ್

*

ಸಾರಿಬುಲಾಕ್
೨೯ ನವೆಂಬರ್ ೧೯೭೯

ಜಿಪಾರ್ ಮಗಳೇ,

ನಲವತ್ತನೆಯ ದಿನ ಮುಗಿಯಿತು. ಕುದುರೆ ಕೊಯ್ದು ಊರಿಗೆಲ್ಲ ಉಣಿಸಿದೆವು. ಗೋಳಿಗೆಂದು ಅಂಗಳದಲ್ಲಿ ಕಟ್ಟಿದ್ದ ಗುಡಾರ ಬಿಚ್ಚಿದರು. ಆ ಜಾಗದಲ್ಲಿ ಹುಲ್ಲು ದುಂಡಗೆ ಹಳದಿಯಾಗಿದೆ. ಇಷ್ಟು ದಿನ ಬರೆಯಲು ಕೈ ಬರಲಿಲ್ಲ. ಈಗ ಬರೆಯಬೇಕು.

ಆ ಮಧ್ಯಾಹ್ನ ನಾನು ಬಾಗಿಲ ಬಳಿ ಬೆಂಚಿನ ಮೇಲೆ ಕೂತಿದ್ದೆ. ಬಸ್ಸಿನಿಂದ ನೀನೊಬ್ಬಳೇ ಇಳಿದೆ. ಗೇಟಿನ ಹತ್ತಿರ ಬರುವಷ್ಟರಲ್ಲಿ ನಿನ್ನ ಹಿಂದೆ ಐದು ಜನರಿದ್ದರು: ಚೊರೋ, ಮೇಷ್ಟ್ರು, ಜೂರಾ, ಇನ್ನಿಬ್ಬರು. ನಲವತ್ತು ವರ್ಷ ಹಾಗೆಯೇ ಜನರನ್ನು ಹಿಂದೆ ನಿಲ್ಲಿಸಿಕೊಂಡು ಗೇಟು ತೆಗೆದವನು ನಾನು. ನನಗೆ ಅಲ್ಲೇ ತಿಳಿಯಿತು. ಇದ್ದವನು ಒಬ್ಬನೇ ಮಗ, ಯಾರ ಸುದ್ದಿ ಎಂದು ಕೇಳುವ ಅಗತ್ಯವೂ ಇರಲಿಲ್ಲ. ನೀನು ಒಮ್ಮೆ ನನ್ನನ್ನು ನೋಡಿದೆ. ನಾನು ಕಾಲಿಮಾ ಕಡೆ ತಲೆ ತಿರುಗಿಸಿದೆ. ಮೊದಲು ಅವಳು, ನಾನು ಆಮೇಲೆ.

ಅವಳು ಉಣ್ಣೆ ಬಡಿಯುತ್ತಿದ್ದಳು. ತಲೆಯೆತ್ತಿ, "ಅಯ್ಯೋ, ಮದುವೆಗೆ ಇನ್ನೂ ತಿಂಗ್ಳಿದೆ ಕಣೇ, ಈಗ್ಲೇ ಬಂದ್ಯಾ" ಎಂದಳು. ನೀನು ಇನ್ನೊಂದು ಕೋಲು ತೆಗೆದುಕೊಂಡು ಎದುರಿಗೆ ಕೂತೆ. ಹದ್ದು ಹಾರಿತು ಎಂಬ ಮಾತಿಲ್ಲ, ಕೆರೆ ಬತ್ತಿತು ಎಂಬ ಮಾತಿಲ್ಲ, ನಮ್ಮಪ್ಪ ಕಲಿಸಿದ ಒಂದು ಮಾತೂ ಇಲ್ಲ. ನೀನೂ ಬಡಿಯುತ್ತಾ ಕೇಳಿದೆ, "ಅತ್ತೆ, ತೊಕ್ತೊ ಹುಟ್ಟಿದಾಗ ಹಿಮ ಬೀಳ್ತಿತ್ತಂತೆ, ಹೌದಾ?"

ಅವಳಿಗೆ ಅಷ್ಟೇ ಸಾಕಿತ್ತು. ಹಿಮ, ಸೂಲಗಿತ್ತಿ, ಅವನು ಅಳದೇ ಇದ್ದದ್ದು, ಕಾಲು ಹಿಡಿದು ಬಡಿದಮೇಲೆ ಅತ್ತದ್ದು. ನೀನು ಆಮೇಲೆ ಎಂದೆ. ಅವಳು ಹೇಳಿದಳು. ಮೊದಲ ಹೆಜ್ಜೆ, ಕರುವಿನ ಬಾಲ ಹಿಡಿದು ಊರೆಲ್ಲ ಎಳೆಸಿಕೊಂಡದ್ದು. ನೀನು ಹೆಸರಿಟ್ಟ ದಿನದ ಬಗ್ಗೆ ಕೇಳಿದೆ. ಅವಳು ಮೊದಲ ಮೂರು ಮಕ್ಕಳ ಹೆಸರು ಹೇಳಿದಳು. ಆ ಹೆಸರುಗಳನ್ನು ಅವಳು ನನ್ನೆದುರೂ ಆಡಿದವಳಲ್ಲ. ನಿನ್ನ ಕೋಲು ನಿಧಾನವಾಯಿತು. ಅವಳದೂ ನಿಧಾನವಾಯಿತು. ನೀನು ಕೋಲು ಕೆಳಗಿಟ್ಟೆ. ಅವಳು ಗೇಟಿನ ಕಡೆ ನೋಡಿದಳು, ಚೊರೋ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ. ತುಂಬಾ ಹೊತ್ತು ನೋಡಿದಳು. ನೀನು ಸುಮ್ಮನಿದ್ದೆ. ನಾನಾಗಿದ್ದರೆ ಅಲ್ಲಿ ಏನಾದರೂ ಅಂದುಬಿಡುತ್ತಿದ್ದೆ.

"ಇವನೂ ನಿಲ್ಲಲಿಲ್ಲ ಅನ್ನು" ಎಂದಳು ಕಾಲಿಮಾ.

ನೀನು ಅವಳ ಎರಡೂ ಕೈ ಹಿಡಿದು, "ನಿಂತ ಅತ್ತೆ. ಇಪ್ಪತ್ತಾರು ವರ್ಷ ನಿಂತ" ಎಂದೆ.

ಆಮೇಲೆ ಅವಳು ಅತ್ತದ್ದನ್ನು ಇಡೀ ಕಣಿವೆ ಕೇಳಿತು. ಆದರೆ ಅವಳ ಎದೆ ಒಡೆಯಲಿಲ್ಲ. ಇವತ್ತು ಬೆಳಿಗ್ಗೆ ಒಲೆ ಹಚ್ಚಿದಳು, ನನಗೆ ಚಹಾ ಕೊಟ್ಟಳು, ಅಂಗಿಗೆ ಚೆಲ್ಲಿಕೊಂಡದ್ದಕ್ಕೆ ಬೈದಳು.

ಮಗಳೇ, ನಲವತ್ತು ವರ್ಷ ನಾನು ಹೇಳುವವರ ಕಡೆ ನಿಂತವನು. ಕೇಳುವವರ ಕಡೆ ಕೂತು ನೋಡಿದ್ದು ಆ ದಿನ ಮೊದಲು. ನಿನಗೆ ಕರ್ತವ್ಯ ಎಂದು ಬರೆದಿದ್ದೆನಲ್ಲ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಜೂರಾಳ ಮನೆಗೆ ತಂತಿ ತಂದವನು ತನ್ನ ಕರ್ತವ್ಯವನ್ನೇ ಮಾಡಿದ. ನೀನು ಮಾಡಿದ್ದು ಅದಲ್ಲ. ಕೊಡು ಎಂದು ಕೇಳುವ ಹಕ್ಕು ನನಗಿರಲಿಲ್ಲ. ನೀನು ಕೊಟ್ಟೆ. ಬದುಕಿರುವ ತನಕ ನಿನಗೆ ಕೃತಜ್ಞ. ನನ್ನ ಬಾಯಿ ಸರಿಯಿದ್ದಿದ್ದರೆ ಇದನ್ನು ಎದುರಿಗೆ ಕೂತು ಹೇಳುತ್ತಿದ್ದೆ.

ಇನ್ನೊಂದು ವಿಷಯ. ಮಣ್ಣಾದ ಮೇಲೆ ಹೊರಡುವಾಗ ನೀನು ಅತ್ತೆಯ ಮುಖ ನೋಡದೆ ಬಸ್ಸು ಹತ್ತಿದೆ. ಏಕೆಂದು ನನಗೆ ಗೊತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಈ ಸಲ ತಡಮಾಡುವುದಿಲ್ಲ. ಮೂರು ವಾರದಿಂದ ಪ್ರತಿ ಗುರುವಾರ ಬಸ್ಸಿನ ಹೊತ್ತಿಗೆ ಕಾಲಿಮಾ ಶಾಲು ಹೊದ್ದು ಗೇಟಿಗೆ ಹೋಗಿ ನಿಲ್ಲುತ್ತಾಳೆ. ತೊಕ್ತೊನನ್ನು ಕಾಯುತ್ತಿದ್ದಾಳೇನೋ ಎಂದು ನನಗೆ ದಿಗಿಲಾಯಿತು. ಹೋಗಿ ಕೈ ಹಿಡಿದೆ. ಅವಳಿಗೆ ಅರ್ಥವಾಯಿತು.

"ತಲೆ ಕೆಟ್ಟಿಲ್ಲ ನಂಗೆ" ಎಂದಳು. "ಜಿಪಾರ್‌ಗೆ ಹೇಳ್ತಿದ್ದೆನಲ್ಲ, ಕರುವಿನ ಬಾಲ ಹಿಡಿದದ್ದು, ಅಲ್ಲಿಗೇ ನಿಂತೋಯ್ತು. ಅವನಿಗಾಗ ಮೂರು ವರ್ಷ. ಇನ್ನೂ ಇಪ್ಪತ್ಮೂರು ವರ್ಷದ್ದು ಹೇಳೋದಿದೆ. ಅವಳು ಬರಬೇಕು."

ಓಸ್ಮೋನ್

*

ಪಟ್ಟಣ
೧೦ ಡಿಸೆಂಬರ್ ೧೯೭೯

ಪೂಜ್ಯ ಮಾವನವರಿಗೆ,

ನಿಮ್ಮ ಕಾಗದ ಬಂದು ನಾಲ್ಕು ದಿನವಾಯಿತು. ಎದೆಯ ಹತ್ತಿರವೇ ಇಟ್ಟುಕೊಂಡಿದ್ದೇನೆ, ಮಡಿಕೆಯಲ್ಲಿ ಹರಿಯುತ್ತಿದೆ.

ನನ್ನ ಕೆಲಸ ಹೋಗಲಿಲ್ಲ. ಛೀಮಾರಿ ಹಾಕಿ ಅದರ ಆದೇಶವನ್ನು ಗೋಡೆಯ ಫಲಕಕ್ಕೆ ಅಂಟಿಸಿದರು, ಒಂದು ತಿಂಗಳು ಇತ್ತು. ಅದನ್ನು ಕಿತ್ತ ದಿನ ರಾಯಿಸಾ ಪೆಟ್ರೋವ್ನಾ ಒಂದು ತಂತಿ ಹಿಡಿದು ನನ್ನ ಮೇಜಿನ ಬಳಿ ನಿಂತರು. "ಬೇಕರಿ ಬೀದಿಯ ಮುದುಕಿ, ಒಬ್ಬಳೇ ಇದಾಳೆ. ನಾನು ನಿಂಗೆ ಹೋಗು ಅಂತ ಹೇಳ್ತಿಲ್ಲ" ಎಂದರು. ಹೇಳಲಿಲ್ಲ, ಕಾಗದ ಕೆಳಗಿಡಲೂ ಇಲ್ಲ. ನಾನು ಕೋಟು ಹಾಕಿಕೊಂಡೆ. ಹೋಗಲೇಬೇಕೆಂದು ಹೋದದ್ದಲ್ಲ, ಮಾವ. ಇನ್ನೇನಾದರೂ ಇದೆಯಾ ಎಂದು ಕೇಳಿದ ಆ ಹೆಂಗಸಿನ ನೆನಪಾಯಿತು. ಆ ಮುದುಕಿ ನಾಳೆ ನನ್ನನ್ನು ಕಂಡು ರಸ್ತೆ ದಾಟಿದರೆ ದಾಟಲಿ.

ನೀವು ನನಗೆ ಕೃತಜ್ಞತೆ ಹೇಳುತ್ತೀರಿ. ನಾನು ಯಾರಿಗೆ ಹೇಳಲಿ? ಅಂದು ಗೇಟಿನ ಒಳಗೆ ಕಾಲಿಡುವಾಗ, ಇವತ್ತಿಗೆ ಈ ಮನೆಯೂ ನನ್ನ ಪಾಲಿಗೆ ಮುಚ್ಚಿತು ಎಂದುಕೊಂಡೇ ಕಾಲಿಟ್ಟೆ. ಆ ಭಯ ಯಾರಿಗೂ ಕಾಣದಿರಲಿ ಎಂದೇ ಕೋಲನ್ನು ಜೋರಾಗಿ ಬಡಿದೆ.

ಮುಂದಿನ ವಾರ ಗುರುವಾರದ ಬಸ್ಸಿಗೆ ಬರುತ್ತೇನೆ. ನಾಲ್ಕು ದಿನ ರಜೆ ಹಾಕಿದ್ದೇನೆ, ಇಪ್ಪತ್ತಮೂರು ವರ್ಷಕ್ಕೆ ಅದು ಸಾಲದಿದ್ದರೆ ಮತ್ತೆ ಬರುತ್ತೇನೆ. ಬಾಚಣಿಗೆ ತರುತ್ತಿದ್ದೇನೆ, ಅತ್ತೆಗೆ ತಿಳಿಸಿ. ನಲವತ್ತು ಜಡೆ ಬೇಡ, ಎರಡು ಸಾಕು.

ಅತ್ತೆ ಗೇಟಿನಲ್ಲಿ ನಿಲ್ಲುವುದು ಬೇಡ, ಚಳಿ ಎಂದು ಬರೆಯಬೇಕು. ಬರೆಯಲಾರೆ. ನಿಂತಿರಲಿ, ಮಾವ.

ನಿಮ್ಮ ಮಗಳು,
ಜಿಪಾರ್